ಮ್ಯೂಸಿಯಂ ನೋಡೋಕೆ ಹೋಗಿ, ಒಂದು ಪ್ರಶ್ನೆ ಜೇಬಲ್ಲಿಟ್ಕೊಂಡು ಹೋಗಿ

ರಜೆ ಬಂತು ಅಂದ್ರೆ ಸಾಕು, ಮೊಬೈಲ್ ತುಂಬಾ ಒಂದೇ ಥರದ ಪಟ್ಟಿ. ಕಾರು ತಗೊಂಡು ಹೊರಟರೆ ದಾರೀಲಿ ನೋಡಲೇಬೇಕಾದ ವಿಚಿತ್ರ ಮ್ಯೂಸಿಯಂಗಳು! ಮೈಸೂರು ಕಡೆ ಹೋದರೆ ಮೇಣದ ಗೊಂಬೆ, ಮರಳು ಶಿಲ್ಪ, ಶ್ರೀರಂಗಪಟ್ಟಣದ ಹತ್ತಿರ ಹಳೇ ಕಾರುಗಳ 'ಪಯಣ'. ಬೆಂಗಳೂರಲ್ಲೇ ಉಳಿದರೆ ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಂ. ದಿಲ್ಲಿಗೆ ಹೋದರೆ ಕಕ್ಕಸಿನ ಮ್ಯೂಸಿಯಂ.

ನಮ್ಮ ಸಂಗಾತಿಗಳಲ್ಲಿ ಕೆಲವರು ಇದನ್ನ ನೋಡಿ ಮೂಗು ಮುರೀತಾರೆ. "ಹೊಟ್ಟೆ ತುಂಬಿದೋರ ಶೋಕಿ ಕಣಣ್ಣ ಇದು, ಇದ್ರಲ್ಲಿ ನಮಗೇನಿದೆ?" ಅಂತಾರೆ. ನಾನು ಒಪ್ಪಲ್ಲ. ದೊಡ್ಡ ಮ್ಯೂಸಿಯಂಗಳಿಗಿಂತ ಈ ಸಣ್ಣಪುಟ್ಟ, ವಿಚಿತ್ರ ಮ್ಯೂಸಿಯಂಗಳೇ ನಮಗೆ ಜಾಸ್ತಿ ಬೇಕಾದವು ಅನ್ನೋದು ನನ್ನ ವಾದ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಓದಿ.

ದೊಡ್ಡ ಮ್ಯೂಸಿಯಂ ಅಂದ್ರೆ ಏನು? ರಾಜನ ಕತ್ತಿ, ರಾಜನ ಪಲ್ಲಕ್ಕಿ, ರಾಜ ಹೊಡೆದ ಹುಲಿ. ಪಲ್ಲಕ್ಕಿ ಹೊತ್ತವನ ಹೆಸರು ಎಲ್ಲೂ ಇರಲ್ಲ. ಸಣ್ಣ ಮ್ಯೂಸಿಯಂ ಹಾಗಲ್ಲ. ಅದು ಯಾವನೋ ಒಬ್ಬನಿಗೆ ಹಿಡಿದ ಹುಚ್ಚಿನಿಂದ ಹುಟ್ಟುತ್ತೆ. ರಾಮನಗರದ ಜಾನಪದ ಲೋಕವನ್ನೇ ನೋಡಿ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಊರೂರು ಸುತ್ತಿ ಹಾಡು ಧ್ವನಿಮುದ್ರಿಸಿದರು, ಒನಕೆ, ಕೊಳಗ, ನೇಗಿಲು, ವಾದ್ಯ, ತೊಗಲುಗೊಂಬೆ ಅಂತ ಜನ ಎಸೆದದ್ದನ್ನೆಲ್ಲ ಕೂಡಿಟ್ಟರು. ಇವತ್ತು ಮೈಸೂರು ರಸ್ತೆಯಲ್ಲಿ ಬಸ್ಸುಗಟ್ಟಲೆ ಮಕ್ಕಳು ಅಲ್ಲಿ ಇಳೀತಾರೆ. ಅರಮನೆ ಬೇಕಿಲ್ಲ, ವಂಶ ಬೇಕಿಲ್ಲ, ಹಟ ಇದ್ರೆ ಸಾಕು ಅಂತ ಇದು ತೋರಿಸಿಕೊಡುತ್ತೆ. ಅಂದ್ರೆ ನಮಗೂ ಸಾಧ್ಯ.

ಆದರೆ ಹೋಗುವಾಗ ಒಂದು ಪ್ರಶ್ನೆ ಜೇಬಲ್ಲಿ ಇರಲಿ. ಇಲ್ಲಿ ಯಾರ ಕೈ ಕಾಣ್ತಾ ಇಲ್ಲ?

ಹೆಸರು ಬೇಡ, ಒಂದು ಮ್ಯೂಸಿಯಂನಲ್ಲಿ ಕಪಿಲೆಯ ತೊಗಲ ಚೀಲ ನೇತುಹಾಕಿದ್ದರು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ದೊಡ್ಡ ಚೀಲ. ಕೆಳಗಿನ ಚೀಟಿಯಲ್ಲಿ "ಹಿಂದೆ ರೈತರು ನೀರಾವರಿಗೆ ಬಳಸುತ್ತಿದ್ದ ಸಾಧನ" ಅಂತ ಒಂದೇ ಸಾಲು. ಮುಗೀತು. ಆ ಚರ್ಮ ಸುಲಿದವರು ಯಾರು? ಸುಣ್ಣದಲ್ಲಿ ನೆನೆಹಾಕಿ, ತಂಗಡಿ ತೊಗಟೆಯಲ್ಲಿ ಹದ ಮಾಡಿ, ಆ ನಾತದಲ್ಲಿ ಕೈ ಸವೆಸಿ ಹೊಲಿದವರು ಯಾರು? ಇನ್ನೊಂದು ಮಾತು ಕೇಳಿ. ನಮ್ಮವರು ಹೊಲಿದ ಚೀಲ ದಿನಾ ಬಾವಿಗೆ ಇಳೀತಿತ್ತು, ಬಾವಿ ಮೈಲಿಗೆ ಆಗ್ಲಿಲ್ಲ. ಹೊಲಿದವನು ಬಾವಿ ಕಟ್ಟೆ ಮುಟ್ಟಿದರೆ ಮಾತ್ರ ಮೈಲಿಗೆ. ಇಡೀ ಜಾತಿ ವ್ಯವಸ್ಥೆಯ ಮೋಸ ಆ ಒಂದು ಚೀಲದಲ್ಲಿ ನೇತಾಡ್ತಿದೆ. ಚೀಟಿ ಬರೆದವರಿಗೆ ಅದು ಕಾಣ್ಲಿಲ್ಲ. ತಮಟೆಯದ್ದೂ ಇದೇ ಕಥೆ. ವಾದ್ಯ ಗಾಜಿನೊಳಗೆ, ಬಾರಿಸುವವನು ಗುಡಿಯ ಹೊರಗೆ.

ಪ್ರವಾಸ ಅನ್ನೋದೇ ನಮಗೆ ಬರೀ ಮಜಾ ಆಗಿರಲಿಲ್ಲ ಅನ್ನೋದನ್ನೂ ನೆನಪಿಸ್ತೀನಿ. 1934ರಲ್ಲಿ ಬಾಬಾಸಾಹೇಬರು ಸುಮಾರು 30 ಜನ ಕಾರ್ಯಕರ್ತರ ಜೊತೆ ವೇರೂಳದ ಗುಹೆ ನೋಡೋಕೆ ಹೊರಟರು. ನಾವು ನೀವು ಹೋಗೋ ಹಾಗೇ ಒಂದು ಟೂರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಮೈಯೆಲ್ಲ ಧೂಳು, ಬಾಗಿಲ ಹೊರಗೆ ತುಂಬಿದ ನೀರಿನ ಕೊಳ. ಕೆಲವರು ಕೈಕಾಲು ಮುಖ ತೊಳೆದರು. ಅಷ್ಟಕ್ಕೇ ಒಬ್ಬ ಮುದುಕ ಕೂಗುತ್ತಾ ಓಡಿಬಂದ, ಅಸ್ಪೃಶ್ಯರು ಕೊಳ ಕೆಡಿಸಿದರು ಅಂತ. ಜನ ಸೇರಿದರು, ಬೈಗುಳ, ಗಲಾಟೆ. ಕೊನೆಗೆ ಒಳಗೆ ಬಿಟ್ಟರು, ಆದರೆ ಕೋಟೆಯಲ್ಲಿ ಎಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ. ಮುಟ್ಟದ ಹಾಗೆ ಕಾಯೋಕೆ ಜೊತೆಗೊಬ್ಬ ಬಂದೂಕಿನ ಸಿಪಾಯಿ ಬೇರೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರೇ ಇದನ್ನ ಬರೆದಿದ್ದಾರೆ. ಕೊಲಂಬಿಯಾ, ಲಂಡನ್‌ನಲ್ಲಿ ಓದಿದವರು, ದುಂಡುಮೇಜಿನ ಸಭೆಯಲ್ಲಿ ಕೂತು ಬಂದವರು. ಕೋಟೆ ನೋಡೋಕೆ ಸಿಪಾಯಿ ಕಾವಲು!

ಹಾಗಾಗಿ ನಮ್ಮ ಹುಡುಗ ಹುಡುಗಿಯರು ಬೈಕು ಹತ್ತಿ, ಬಾಡಿಗೆ ಕಾರು ಹಿಡಿದು, ಟಿಕೆಟ್ ತಗೊಂಡು, ಯಾರ ಅಪ್ಪಣೆಯೂ ಇಲ್ಲದೆ ಮ್ಯೂಸಿಯಂ ಒಳಗೆ ಕಾಲಿಡೋದು ನನಗೆ ಶೋಕಿಯಾಗಿ ಕಾಣಲ್ಲ. ಹೋಗಬೇಕು. ಇನ್ನೂ ಜಾಸ್ತಿ ಹೋಗಬೇಕು.

ಎಲ್ಲಿಗೆ ಹೋಗೋದು? ಒಂದೇ ರಸ್ತೆ ಹೇಳ್ತೀನಿ. ಎನ್‌ಎಚ್ 48. ಚೆನ್ನೈನಿಂದ ಬೆಂಗಳೂರು ಹಾದು, ತುಮಕೂರು, ಚಿತ್ರದುರ್ಗ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ, ಮುಂಬೈ, ಅಹಮದಾಬಾದ್, ಜೈಪುರ ದಾಟಿ ದಿಲ್ಲಿಗೆ ಹೋಗೋ ಹೆದ್ದಾರಿ. ಒಂದೇ ಸಲಕ್ಕೆ ಹೋಗೋಕಾಗಲ್ಲ, ತುಂಡುತುಂಡಾಗಿ ಹೋಗಿ.

ಮೊದಲ ತುಂಡು, ಹಾವೇರಿ ಜಿಲ್ಲೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿ ಪಕ್ಕದಲ್ಲೇ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ್ ಕಟ್ಟಿದ್ದು. ಉತ್ತರ ಕರ್ನಾಟಕದ ಹಳ್ಳಿ ಬದುಕನ್ನ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಉಸಿರಾಡ್ತಾವೇನೋ ಅನ್ನೋ ಹಾಗಿವೆ. ಮಕ್ಕಳನ್ನ ಕರ್ಕೊಂಡು ಹೋಗಿ, ಖುಷಿ ಪಡಿ. ಹೀಗೆ ಹಳ್ಳಿಯನ್ನ ಮತ್ತೆ ಕಟ್ಟಿ ತೋರಿಸೋ ಯಾವ ಜಾಗಕ್ಕೆ ಹೋದರೂ ಮಕ್ಕಳ ಕೈಲಿ ಮೂರು ಪ್ರಶ್ನೆ ಕೇಳಿಸಿ. ಇಲ್ಲಿ ಊರಿಂದ ಕೇರಿ ಎಷ್ಟು ದೂರ? ಬಾವಿ ಯಾರದ್ದು? ಚಹಾ ಅಂಗಡಿಯಲ್ಲಿ ಲೋಟ ಎಷ್ಟು ಥರ? ಉತ್ತರ ಸಿಗದ ಹಳ್ಳಿ ಚಂದದ ಹಳ್ಳಿ ಇರಬಹುದು, ನಮ್ಮ ಹಳ್ಳಿ ಅಲ್ಲ.

ಅಲ್ಲಿಂದ ಸವಣೂರು ದೂರವೇನಿಲ್ಲ. ಪ್ರವಾಸದ ಪಟ್ಟಿಗಳಲ್ಲಿ ಸವಣೂರು ಅಂದ್ರೆ ನವಾಬರ ಕಾಲದ ಕಟ್ಟಡ, ವೀಳ್ಯದೆಲೆ, ಖಾರ, ಮತ್ತೆ ಆ ದೈತ್ಯ ದೊಡ್ಡಹುಣಸೆ ಮರಗಳು. ಮರ ನೋಡಿ, ನೋಡುವಂಥವೇ. ಆಮೇಲೆ ಪುರಸಭೆ ಕಡೆಗೂ ಒಮ್ಮೆ ನಡೀರಿ. 2010ರ ಜುಲೈನಲ್ಲಿ, ವಾಸವಿದ್ದ ಜಾಗದಿಂದ ಒಕ್ಕಲೆಬ್ಬಿಸೋದನ್ನ ವಿರೋಧಿಸಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತ ಊರು ಇದು. ಇಡೀ ರಾಜ್ಯ ತಲೆ ತಗ್ಗಿಸಿದ ದಿನ. ಮಲ ಹೊರುವ ಪದ್ಧತಿ ನಮ್ಮಲ್ಲಿ ಎಂದೋ ಹೋಗಿದೆ ಅಂತ ಹೇಳ್ತಿದ್ದ ಬಾಯಿಗಳು ಅವತ್ತು ಮುಚ್ಚಿದವು. ನಾನು ನೋಡಿದ ಪಟ್ಟಿಗಳಲ್ಲೆಲ್ಲ ಹುಣಸೆ ಮರ ಇದೆ, 2010 ಇಲ್ಲ. ಮರದ ವಯಸ್ಸು ಲೆಕ್ಕ ಹಾಕೋ ನಾಡಿಗೆ ಮನುಷ್ಯರ ಅವಮಾನದ ಲೆಕ್ಕ ಬೇಡವಾ?

ಎರಡನೇ ತುಂಡು, ನಿಪ್ಪಾಣಿಯಿಂದ ಪುಣೆವರೆಗೆ. 1925ರಲ್ಲಿ ಬಾಬಾಸಾಹೇಬರು ಸಮ್ಮೇಳನಕ್ಕೆ ಬಂದಿದ್ದ ನಿಪ್ಪಾಣಿ. ಮುಂದೆ ಕೊಲ್ಲಾಪುರ, 1902ರಲ್ಲೇ ಹಿಂದುಳಿದವರಿಗೆ ನೌಕರಿಯಲ್ಲಿ ಶೇ. 50 ಮೀಸಲಾತಿ ಕೊಟ್ಟ ಶಾಹೂ ಮಹಾರಾಜರ ಊರು. ಅಲ್ಲಿಯ ಗಂಗಾರಾಮ್ ಕಾಂಬಳೆ ಕಥೆ ಮಕ್ಕಳಿಗೆ ಹೇಳಿ. ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದ ಮನುಷ್ಯ. ಶಾಹೂ ಅವರಿಗೆ ಚಹಾ ಅಂಗಡಿ ಹಾಕಿಸಿಕೊಟ್ಟರು, ತಾವೇ ಹೋಗಿ ಅಲ್ಲಿ ಚಹಾ ಕುಡಿದರು. ರಾಜನ ಕತ್ತಿಗಿಂತ ಆ ಚಹಾ ಕಪ್ಪು ಮ್ಯೂಸಿಯಂನಲ್ಲಿಡಬೇಕಾದ್ದು ಅಂತ ನನಗನಿಸುತ್ತೆ.

ಪುಣೆಯಲ್ಲಿ ಸಿಂಬಯಾಸಿಸ್ ಸಂಸ್ಥೆಯವರ ಅಂಬೇಡ್ಕರ್ ಮ್ಯೂಸಿಯಂ. ಮಾಯಿಸಾಹೇಬ್ ಸವಿತಾ ಅಂಬೇಡ್ಕರ್ ಕೊಟ್ಟ ವಸ್ತುಗಳು ಅಲ್ಲಿವೆ. ಬಾಬಾಸಾಹೇಬರು ಮಲಗುತ್ತಿದ್ದ ಮಂಚ, ಕೂರುತ್ತಿದ್ದ ಕುರ್ಚಿ, ಮತ್ತೆ ಅವರ ಪಿಟೀಲು. ಹೌದು, ಪಿಟೀಲು! ನೀಲಿ ಕೋಟು, ಎತ್ತಿದ ಬೆರಳು ಅಷ್ಟೇ ನೋಡಿ ಬೆಳೆದ ನಮ್ಮ ಮಕ್ಕಳು ಆ ಪಿಟೀಲಿನ ಮುಂದೆ ನಿಲ್ಲಬೇಕು. ಇಷ್ಟೆಲ್ಲ ಹೋರಾಟದ ನಡುವೆ ಇಳಿವಯಸ್ಸಲ್ಲಿ ಕೂತು ಸಂಗೀತ ಕಲಿಯೋಕೆ ಹೊರಟಿದ್ದ ಒಬ್ಬ ಮನುಷ್ಯ ಅಲ್ಲಿ ಕಾಣ್ತಾನೆ. ದೇವರಾಗಿಸಿದ್ದು ಸಾಕು, ಮನುಷ್ಯನನ್ನ ನೋಡೋಣ.

ನಾಗಪುರ ಈ ರಸ್ತೆಯಲ್ಲಿಲ್ಲ, ಎನ್‌ಎಚ್ 44ರಲ್ಲಿದೆ. ದೀಕ್ಷಾಭೂಮಿಗೆ ಹೋದವರು ಹತ್ತಿರದ ಚಿಚೋಳಿಯ ಶಾಂತಿವನಕ್ಕೂ ಹೋಗಿ. 1956ರ ದೀಕ್ಷಾ ಕಾರ್ಯಕ್ರಮದ ಸಂಘಟಕರಾಗಿದ್ದ ವಾಮನರಾವ್ ಗೋಡಬೋಲೆ ಕಟ್ಟಿದ ಜಾಗ. ಬಾಬಾಸಾಹೇಬರ ಕಾರ್ಯದರ್ಶಿ ನಾನಕ್‌ಚಂದ್ ರತ್ತು ಜೋಪಾನ ಮಾಡಿದ ಕೋಟು, ಟೋಪಿ, ಟೈಪ್‌ರೈಟರ್ ಅಲ್ಲಿಗೆ ಬಂದವು. ನೋಡಿ, ಇಬ್ಬರೂ ಮಂತ್ರಿಗಳಲ್ಲ, ಶ್ರೀಮಂತರಲ್ಲ. ಇವರು "ಹಳೇ ಬಟ್ಟೆ ತಾನೇ" ಅಂದಿದ್ರೆ ನಮಗೆ ಏನು ಉಳೀತಿತ್ತು? ಹೈದರಾಬಾದಿನಲ್ಲಿ 125 ಅಡಿ ಪ್ರತಿಮೆ ಎದ್ದಿದೆ, ಸಂತೋಷ. ಪ್ರತಿಮೆ ತಲೆ ಎತ್ತಿಸುತ್ತೆ. ಆದರೆ ಸವೆದ ಕೋಟಿನ ತೋಳು ಕೊಡೋ ಪಾಠ ಬೇರೆ.

ಮೂರನೇ ತುಂಡು, ಅಹಮದಾಬಾದ್. ಮಿರ್ಜಾಪುರದ ಹಳೇ ಮನೆಯೊಂದರಲ್ಲಿ 2013ರಿಂದ 'ಕಾನ್‌ಫ್ಲಿಕ್ಟೋರಿಯಂ' ಅನ್ನೋ ಮ್ಯೂಸಿಯಂ ನಡೀತಿದೆ. ಸಂಘರ್ಷಗಳ ಮ್ಯೂಸಿಯಂ. ಆ ಮನೆ ಕೇಶಾಲಂಕಾರದ ಕೆಲಸ ಮಾಡ್ತಿದ್ದ ಬಚುಬೆನ್ ಎಂಬ ಪಾರ್ಸಿ ಮಹಿಳೆಯದಾಗಿತ್ತು. ಅಲ್ಲಿ ಸಂವಿಧಾನದ ಪ್ರತಿ ಇದೆ. ಗಾಜಿನೊಳಗಲ್ಲ, ಮುಟ್ಟಿ ನೋಡಬಹುದು. ಮುಟ್ಟಬೇಡ ಅಂತಲೇ ಕೇಳಿಸಿಕೊಂಡು ಬೆಳೆದವರಿಗೆ ಇದು ಸಣ್ಣ ವಿಷಯವಲ್ಲ. ಬಂದವರು ತಮ್ಮ ನೆನಪನ್ನ ಚೀಟಿಯಲ್ಲಿ ಬರೆದು ಉಪ್ಪಿನಕಾಯಿ ಜಾಡಿಯಂಥ ಗಾಜಿನ ಜಾಡಿಗಳಲ್ಲಿ ಹಾಕಿಹೋಗ್ತಾರೆ. ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ಹುಡುಗರನ್ನ ಕಟ್ಟಿ ಥಳಿಸಿದ 2016ರಲ್ಲಿ, ಆಗಸ್ಟ್ 15ಕ್ಕೆ ಊನಾ ಸೇರಿದ ಮೆರವಣಿಗೆ ಹೊರಟದ್ದೂ ಇದೇ ಊರಿಂದ. ಗಾಯ ಇರೋ ಊರಲ್ಲೇ ಗಾಯದ ಮ್ಯೂಸಿಯಂ ಇರೋದು ಸರಿಯಾಗೇ ಇದೆ.

ಕೊನೇ ತುಂಡು, ದಿಲ್ಲಿ. ಈಗ ಕಕ್ಕಸಿನ ಮ್ಯೂಸಿಯಂ ಮಾತು.

ಸುಲಭ್ ಸಂಸ್ಥೆಯ ಬಿಂದೇಶ್ವರ ಪಾಠಕ್ ಅವರು 1992ರಲ್ಲಿ ಮಾಡಿದ ಮ್ಯೂಸಿಯಂ ಇದು. ಜಗತ್ತಿನ ವಿಚಿತ್ರ ಮ್ಯೂಸಿಯಂಗಳ ಪಟ್ಟಿಯಲ್ಲಿ ಇದರ ಹೆಸರು ಬರ್ತಾನೇ ಇರುತ್ತೆ. ಕ್ರಿಸ್ತಪೂರ್ವ 2500ರ ಹೊತ್ತಿನ ಸಿಂಧೂ ಬಯಲಿನ ಚರಂಡಿಯಿಂದ ಶುರುವಾಗಿ ಇವತ್ತಿನವರೆಗೆ ಕಕ್ಕಸಿನ ಕಥೆ. ಫ್ರಾನ್ಸಿನ ರಾಜ 14ನೇ ಲೂಯಿಯದು ಅನ್ನೋ ಸಿಂಹಾಸನದ ಮಾದರಿ ಇದೆ, ಸೀಟಿನಡಿಯಲ್ಲೇ ಕಮೋಡು. ಆತ ಅದರ ಮೇಲೆ ಕೂತೇ ದರ್ಬಾರು ನಡೆಸ್ತಿದ್ದ ಅಂತ ಹೇಳ್ತಾರೆ. ಪುಸ್ತಕದ ರಾಶಿಯಂತೆ ಕಾಣೋ ಕಮೋಡೂ ಇದೆ. ನಗು ಬರುತ್ತೆ. ಎಲ್ಲರೂ ನಗ್ತಾರೆ, ಸೆಲ್ಫಿ ತಗೋತಾರೆ.

ಪಾಠಕ್ ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಬಿಹಾರದ ಬ್ರಾಹ್ಮಣ ಮನೆತನದವರು. ಬಾಲ್ಯದಲ್ಲಿ ಅಸ್ಪೃಶ್ಯ ಹೆಂಗಸನ್ನ ಮುಟ್ಟಿದ್ದಕ್ಕೆ ಅಜ್ಜಿ ಸಗಣಿ, ಗಂಜಲ ಕುಡಿಸಿದ್ದನ್ನ ಅವರೇ ಹೇಳ್ತಿದ್ದರು. ಅವರ ಎರಡು ಗುಂಡಿಯ ಕಕ್ಕಸು ಅಗ್ಗದ್ದು, ತುಂಬಿದ ಗುಂಡಿ ಗೊಬ್ಬರವಾಗುವ ತನಕ ಬಿಟ್ಟು ಇನ್ನೊಂದನ್ನ ಬಳಸಬಹುದು. ಹಸಿ ಮಲ ಬಾಚೋಕೆ ಮನುಷ್ಯ ಬೇಕಿಲ್ಲ. ದೊಡ್ಡ ಕೆಲಸವೇ. ಮಲ ಹೊರುವವರ ಬಿಡುಗಡೆಯ ಮಾತೂ ಅವರ ಸಂಸ್ಥೆಯಲ್ಲಿ ಇತ್ತು, ಅವರನ್ನ ದೇವಸ್ಥಾನದೊಳಗೆ ಕರ್ಕೊಂಡು ಹೋಗೋ ಕಾರ್ಯಕ್ರಮಗಳೂ ಇದ್ದವು.

ನನ್ನ ತಕರಾರು ಇಲ್ಲಿದೆ. ಇಂಗ್ಲೆಂಡಿನಲ್ಲಿ 1596ರ ಹೊತ್ತಿಗೆ ಹ್ಯಾರಿಂಗ್ಟನ್ ನೀರು ಬಿಡುವ ಕಕ್ಕಸು ಮಾಡಿದ, 1775ರಲ್ಲಿ ಕಮಿಂಗ್ ನಾತ ತಡೆಯೋ ಬಾಗಿದ ಕೊಳವೆಗೆ ಪೇಟೆಂಟ್ ಪಡೆದ. ಯಂತ್ರದ ಕಥೆ ಮುಂದೆ ಮುಂದೆ ಹೋಗುತ್ತೆ. ನಮ್ಮ ದೇಶದಲ್ಲಿ ಕಕ್ಕಸಿನ ಕಥೆ ಯಂತ್ರದ್ದಲ್ಲ, ಜಾತಿಯದ್ದು. ಇಲ್ಲಿ ಹೊಸ ಯಂತ್ರ ಯಾರಿಗೂ ತುರ್ತಾಗಿ ಬೇಕಾಗಲೇ ಇಲ್ಲ. ಯಾಕಂದ್ರೆ ತಗಡು, ಪೊರಕೆ, ಬುಟ್ಟಿ ಹಿಡಿದ ಒಂದು ಜನವನ್ನೇ ಹುಟ್ಟಿನಿಂದ ಯಂತ್ರ ಮಾಡಿಟ್ಟಿದ್ದರು. ಲೂಯಿಯ ಸಿಂಹಾಸನ ನೋಡಿ ನಗೋದು ಸುಲಭ. ಅದರಡಿಯ ಪಾತ್ರೆಯನ್ನ ಬೆಳಗ್ಗೆ ಖಾಲಿ ಮಾಡ್ತಿದ್ದವರು ಯಾರು ಅಂತ ಒಂದು ಸಲ ಕೇಳಿ, ನಗು ನಿಲ್ಲುತ್ತೆ.

ನನ್ನ ಕೈಲಿ ಒಂದು ಕೋಣೆ ಕೊಟ್ಟರೆ ನಾನು ಇಡೋದೇ ಬೇರೆ. ಸೋರುವ ಬುಟ್ಟಿ, ತಲೆ ಮೇಲಿನ ಸಿಂಬಿ. ದೇವರಾಜ ಅರಸು ಸಂಪುಟದಲ್ಲಿ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ ಆದೇಶ. 1993ರ ಕಾಯ್ದೆ, 2013ರ ಕಾಯ್ದೆ. ಪಕ್ಕದಲ್ಲೇ, ಮ್ಯಾನ್‌ಹೋಲಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ 2014ರಲ್ಲಿ, 30 ಲಕ್ಷ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪುಗಳು. ಎರಡು ಕಾಯ್ದೆ ಬಂದಮೇಲೂ ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಏನರ್ಥ? ಸಾವು ನಿಂತಿಲ್ಲ ಅಂತ ತಾನೇ? ಮತ್ತೆ ಕೆಜಿಎಫ್‌ನ ಒಣ ಪಾಯಖಾನೆಗಳ ಫೋಟೋ. ಚಿನ್ನ ಅಗೆದ ಊರಲ್ಲೇ ಮಲ ಬಾಚುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಲ್ಲಿಂದಲೇ ಹೋರಾಟ ಶುರುಮಾಡಿದ್ದು, 2016ರಲ್ಲಿ ಮ್ಯಾಗ್ಸೆಸೆ ಪಡೆದದ್ದು. ವಿಲ್ಸನ್ ಹಾದಿಗೂ ಪಾಠಕ್ ಹಾದಿಗೂ ವ್ಯತ್ಯಾಸ ಇದೆ. ಒಬ್ಬರು ಒಳ್ಳೇ ಕಕ್ಕಸು ಕೊಟ್ಟು ದೇವಸ್ಥಾನಕ್ಕೆ ಕರ್ಕೊಂಡು ಹೋದರು. ಇನ್ನೊಬ್ಬರು ಪಾಯಖಾನೆ ಒಡೀರಿ, ಬುಟ್ಟಿ ಸುಡ್ರಿ, ಇದು ನಿಮ್ಮ ಕೆಲಸ ಅಲ್ಲ ಅಂದರು. ನಾನು ಎರಡನೆಯವರ ಕಡೆ.

"ಬುಟ್ಟಿ, ಪೊರಕೆ ಎಲ್ಲ ಯಾಕೆ ತೋರಿಸ್ತೀರಣ್ಣ, ನಮ್ಮ ಮಕ್ಕಳಿಗೆ ನಾಚಿಕೆ ಆಗುತ್ತೆ" ಅಂತ ನಮ್ಮವರೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ, ತಳ್ಳಿಹಾಕಲ್ಲ. ಬರೀ ಬುಟ್ಟಿ ಇಟ್ಟು ಜಾತಿ ಹೆಸರು ಬರೆದು ಬಿಟ್ಟರೆ ಅದು ಇನ್ನೊಂದು ಅವಮಾನವೇ. ಆದರೆ ಬುಟ್ಟಿ ಪಕ್ಕ ಅದನ್ನ ಬಿಸಾಕಿದ ಹೆಂಗಸಿನ ಹೆಸರು, ಬಿಸಾಕಿದ ವರ್ಷ, ಅವಳ ಮಗಳ ಡಿಗ್ರಿ ಸರ್ಟಿಫಿಕೇಟಿನ ಪ್ರತಿ ಇಟ್ಟರೆ? ಆಗ ನಾಚಿಕೆ ಹೊರಿಸಿದವರಿಗೆ ಆಗಬೇಕು, ಹೊತ್ತವರಿಗಲ್ಲ. ಯಾರು ಇಡ್ತಾರೆ, ಯಾರು ಚೀಟಿ ಬರೀತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಭೋಪಾಲ್‌ನಲ್ಲಿ ಅನಿಲ ದುರಂತದಲ್ಲಿ ಬದುಕುಳಿದವರು 2014ರಲ್ಲಿ ತಮ್ಮದೇ ಮ್ಯೂಸಿಯಂ ಮಾಡಿಕೊಂಡರು, ಸರ್ಕಾರದ ದುಡ್ಡು, ಕಂಪನಿ ದುಡ್ಡು ಮುಟ್ಟದೆ. ಗೋಡೆ ಮೇಲಿನ ಟೆಲಿಫೋನ್ ರಿಸೀವರ್ ಎತ್ತಿ ಕಿವಿಗಿಟ್ಟರೆ ಅವರದೇ ದನಿ ಕೇಳುತ್ತೆ. ನಡುವೆ ಯಾವ ಪಂಡಿತನೂ ಇಲ್ಲ.

ಈಗ ನಮ್ಮ ಊರಿಗೆ ಬರೋಣ. ಎಷ್ಟೋ ಊರಲ್ಲಿ ಅಂಬೇಡ್ಕರ್ ಭವನ ಇದೆ. ಏಪ್ರಿಲ್ 14ಕ್ಕೆ ತೆಗೀತಾರೆ, ಮದುವೆಗೆ ತೆಗೀತಾರೆ, ಉಳಿದ ದಿನ ಬೀಗ. ಅದರಲ್ಲಿ ಒಂದು ಕೋಣೆ, ಕೋಣೆ ಇಲ್ಲದಿದ್ರೆ ಒಂದು ಗಾಜಿನ ಬೀರು ಸಾಕು. 70, 80ರ ದಶಕದ ಜಾಥಾಗಳಲ್ಲಿ ನಡೆದವರಿಗೆ ಈಗ ವಯಸ್ಸಾಗಿದೆ. ಅವರ ಮನೆ ಅಟ್ಟದಲ್ಲಿ 'ಪಂಚಮ' ಪತ್ರಿಕೆ, ಕರಪತ್ರ, ಬ್ಯಾನರು, ಹೋರಾಟದ ಹಾಡಿನ ನೋಟ್‌ಬುಕ್, ಹರಿದ ತಮಟೆ ಇವೆ. ಹಿರಿಯರು ಹೋದ ತಿಂಗಳೊಳಗೆ ಮಕ್ಕಳು ಮನೆ ಸುಣ್ಣ ಹೊಡೆಸ್ತಾರೆ, ಎಲ್ಲ ಗುಜರಿಗೆ. ಕೆಜಿಗೆ ಇಷ್ಟು ಅಂತ ನಮ್ಮ ಚರಿತ್ರೆ ತೂಕಕ್ಕೆ ಹೋಗ್ತಿದೆ. ಇದು ನಿಲ್ಲಬೇಕು.

ಮಾಡೋದು ಕಷ್ಟ ಏನಿಲ್ಲ. ಒಂದು ರಿಜಿಸ್ಟರ್ ಇಡಿ. ಬಂದ ಪ್ರತಿ ವಸ್ತುವಿಗೆ ಒಂದು ನಂಬರು, ಬಂದ ದಿನ, ಕೊಟ್ಟವರ ಹೆಸರು, ಅದರ ಕಥೆ ನಾಲ್ಕು ಸಾಲು. ಕೊಟ್ಟದ್ದೋ, ನೋಡೋಕೆ ಇಟ್ಟದ್ದೋ ಅಂತ ಬರೆದು ಸಹಿ ಹಾಕಿಸಿ, ನಾಳೆ ಜಗಳ ಆಗಬಾರದು. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸೋಕಾಗಲ್ಲ, ಕಾಗದ ಒಳಗೇ ಹಾಳಾಗುತ್ತೆ. ಗೋಂದು, ಟೇಪು ಬೇಡ. ಫೋಟೋ ಹಿಂದೆ ಪೆನ್ನಿನಲ್ಲಿ ಬರೀಬೇಡಿ, ಮೆತ್ತಗೆ ಪೆನ್ಸಿಲ್‌ನಲ್ಲಿ ಬರೀರಿ. ಫೋಟೋದಲ್ಲಿ ಯಾರ್ಯಾರಿದ್ದಾರೆ ಅಂತ ಈಗಲೇ ಕೇಳಿಕೊಳ್ಳಿ, ಹೇಳೋರು ನಾಳೆ ಇರಲ್ಲ. ಗೋಡೆಯ ತೇವ ತಾಗದ ಹಾಗಿಡಿ. ಹಿರಿಯರ ಮಾತು ಮೊಬೈಲಲ್ಲೇ ರೆಕಾರ್ಡ್ ಮಾಡಿ, ಎರಡು ಕಡೆ ಕಾಪಿ ಇಡಿ. ಚೀಟಿ ಬರೆಯೋ ಕೆಲಸ ಕೇರಿಯ ಹೈಸ್ಕೂಲು ಹುಡುಗಿಯರಿಗೆ ಕೊಡಿ. ಒಂದೇ ನಿಯಮ ಹೇಳಿಕೊಡಿ. ಜಾತಿ ಹೆಸರು ಬರೆಯೋ ಮೊದಲು ಮನುಷ್ಯರ ಹೆಸರು ಬರೀಬೇಕು.

ಆಗ ಈ ರಸ್ತೆಯಲ್ಲಿ ಹೋಗೋರು ನಮ್ಮ ಕೇರಿಗೂ ತಿರುಗ್ತಾರೆ. ವಿಚಿತ್ರ ಮ್ಯೂಸಿಯಂ ಅಂತ ಪಟ್ಟಿಗೆ ಹಾಕಿದ್ರೂ ಹಾಕ್ಲಿ, ಬೇಜಾರಿಲ್ಲ. ಮನುಷ್ಯನನ್ನ ಮನುಷ್ಯ ಮುಟ್ಟದೆ ಸಾವಿರಾರು ವರ್ಷ ಬದುಕಿದ ದೇಶಕ್ಕಿಂತ ವಿಚಿತ್ರ ಬೇರೆ ಏನಿದೆ?

ನಿಮ್ಮ ಅಟ್ಟದಲ್ಲಿ ಏನಿದೆ ನೋಡಿ, ಒಂದು ಫೋಟೋ ಹಿಡಿದು ಕೆಳಗೆ ಹಾಕಿ. ಯಾರದ್ದು, ಯಾವ ವರ್ಷದ್ದು ಅಂತಲೂ ಬರೀರಿ. ಅಲ್ಲಿಂದಲೇ ಶುರು ಮಾಡೋಣ.

ಜೈಭೀಮ್.